ಮುಳಬಾಗಿಲಿನವರು ಕಡಲಿಗೆ ಇಳಿಯಬಾರದಂತೆ

ಹೋಟೆಲು ತೆರೆದ ಮೊದಲ ವಾರ, ಮಧ್ಯಾಹ್ನದ ಊಟದ ಹೊತ್ತು. ಬಂಗುಡೆ ಮೀನಿನ ಸಾರಿನ ಪಾತ್ರೆ ಹಿಡಿದು ಮೇಜುಗಳ ನಡುವೆ ಓಡಾಡುತ್ತಿದ್ದೆ. ಇದ್ದಕ್ಕಿದ್ದಂತೆ ಒಳಗಿದ್ದ ಫೋನುಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ಲಾರಿ ಡ್ರೈವರನ ಜೇಬಿನಲ್ಲಿ, ಗಲ್ಲಾದ ಮೇಲೆ, ಅಡುಗೆಯವನ ಸೊಂಟದಲ್ಲಿ, ಎಲ್ಲ ಕಡೆಯೂ ಒಂದೇ ಊಳು. ಸೈಲೆಂಟಿನಲ್ಲಿಟ್ಟ ಫೋನೂ ಬಿಡಲಿಲ್ಲ. ಪಾತ್ರೆ ಅಲ್ಲೇ ಬಿಟ್ಟು ರಸ್ತೆಗೆ ಓಡಿ ಪಡುವಣ ದಿಕ್ಕಿಗೆ ನೋಡಿದೆ. ಕಡಲೂರಿನವನ ಜೀವ, ಅಪಾಯವೆಂದರೆ ಅದು ಪಡುವಣದಿಂದಲೇ ಬರಬೇಕು. ಪಡುವಣದಲ್ಲಿ ಒಂದು ಬಂಡೆಗುಡ್ಡ, ಅದರ ಮೇಲೊಂದು ಹುಣಸೆಮರ, ಸುಡುವ ಬಿಸಿಲು, ಅಷ್ಟೇ ಇದ್ದದ್ದು.

ಒಳಗೆ ಬಂದು ಫೋನು ನೋಡಿದರೆ, ಮಳೆ ಸಿಡಿಲಿನ ಎಚ್ಚರಿಕೆ ಕೊಡುವ ಸರ್ಕಾರದ ಹೊಸ ಸೇವೆಯದು. ಇದು ಪರೀಕ್ಷೆಗಾಗಿ ಕಳಿಸಿದ ಸಂದೇಶ, ದಯವಿಟ್ಟು ನಿರ್ಲಕ್ಷಿಸಿ ಎಂದಿತ್ತು. ಡ್ರೈವರು ಬೆರಳು ನೆಕ್ಕುತ್ತ, ಯಾಕೆ ಓಡಿದಿರಿ ಎಂದು ಕೇಳಿದ. ಹೊಸ ಊರಿನಲ್ಲಿ ಮೊದಲ ವಾರವೇ ನಗೆಪಾಟಲಾದೆ. ಅದಕ್ಕಿಂತ ಹೆಚ್ಚಾಗಿ ನನಗೆ ಸಿಟ್ಟು ಬಂದದ್ದು ಆ ಒಂದು ಮಾತಿಗೆ. ಜೀವ ಉಳಿಸಲು ಹುಟ್ಟಿದ ಸೇವೆ ನಮಗೆ ಕಲಿಸಿದ ಮೊದಲ ಪಾಠ, ನನ್ನನ್ನು ನಿರ್ಲಕ್ಷಿಸಿ ಎಂಬುದು.

ಕುಂದಾಪುರದ ಕಡೆಯ ನೀವು ಕೇಳಬಹುದು, ಮುಳಬಾಗಿಲು ದಾಟಿ ಆಂಧ್ರದ ಗಡಿಗೆ ಹೋಗಿ ಮೀನೂಟದ ಹೋಟೆಲು ಇಡುವ ಬುದ್ಧಿ ಎಲ್ಲಿಂದ ಬಂತು ಅಂತ. ಕುಂದಾಪುರದಲ್ಲಿ ಇನ್ನೊಬ್ಬರ ಹೋಟೆಲಿನಲ್ಲಿ ಅಡುಗೆ ಮಾಡಿ ಮಾಡಿ ಸಾಕಾಗಿತ್ತು. ಈ ಹೆದ್ದಾರಿಯಲ್ಲಿ ಮೀನೂಟಕ್ಕೆ ಜಾಗವೇ ಇಲ್ಲ ಎಂದು ಪರಿಚಯದ ಲಾರಿಯವನೊಬ್ಬ ಹೇಳಿದ್ದು ನಿಜ. ಯಾಕೆ ಇಲ್ಲ ಎಂದು ನಾನು ಕೇಳಲಿಲ್ಲ. ಇದು ತಿರುಪತಿಗೆ ಹೋಗುವ ದಾರಿ. ಹೋಗುವಾಗ ಯಾತ್ರಿಕರು ನನ್ನ ಬೋರ್ಡಿನ ಮೀನಿನ ಚಿತ್ರ ನೋಡಿ ಮುಖ ತಿರುಗಿಸುತ್ತಾರೆ. ಬರುವಾಗ ಅವರಲ್ಲೇ ಕೆಲವರು ಬೋಳುತಲೆ ಸವರಿಕೊಂಡು ಬಂದು, ಅಂಜಲ್ ಇದೆಯಾ ಎಂದು ಮೆಲ್ಲಗೆ ಕೇಳುತ್ತಾರೆ. ಲಾರಿಯವರು, ಶ್ರೀನಿವಾಸಪುರದ ಮಾವಿನ ಮಂಡಿಯವರು, ಮಾಲೂರಿನಿಂದ ಇಟ್ಟಿಗೆ ಹೊತ್ತು ಬರುವವರು, ಹೀಗೆ ಹೇಗೋ ನಡೆಯುತ್ತಿದೆ.

ಕಟ್ಟಡ ಚಿನ್ನಪ್ಪ ಮತ್ತು ಅವನ ಹೆಂಡತಿ ಮುನಿಯಮ್ಮನದು. ಕೆಳಗೆ ಹೋಟೆಲು, ಮಾಳಿಗೆಯ ಮೇಲೆ ನನ್ನದೊಂದು ಕೋಣೆ, ಹಿಂದೆ ಅವರ ಮನೆ. ಇಬ್ಬರಿಗೂ ಅರವತ್ತು ದಾಟಿದೆ. ಮುನಿಯಮ್ಮನಿಗೆ ಎರಡು ಸೀಮೆಹಸು, ಚಿನ್ನಪ್ಪನಿಗೆ ಒಂದು ಮಂದೆ ಕುರಿ. ಬೆಳಗ್ಗೆ ಕುರಿ ಹೊಡೆದುಕೊಂಡು ಆ ಬಂಡೆಗುಡ್ಡ ಹತ್ತಿದರೆ ಚಿನ್ನಪ್ಪ ಇಳಿಯುವುದು ಸಂಜೆಗೇ. ಇಲ್ಲಿ ಗುಡ್ಡ ಅನ್ನುವುದಿಲ್ಲ, ಗುಟ್ಟ ಅನ್ನುತ್ತಾರೆ, ತೆಲುಗು ಮಾತು. ಮುನಿಯಮ್ಮ ನನ್ನೊಡನೆ ಕನ್ನಡ, ಗಂಡನೊಡನೆ ತೆಲುಗು. ಹಸುಗಳನ್ನು ಮುದ್ದಿಸುವುದು ಕನ್ನಡದಲ್ಲಿ, ಬೈಯುವುದು ಮಾತ್ರ ತೆಲುಗಿನಲ್ಲೇ. ನನ್ನನ್ನು ಕರೆಯುವುದು ನಾಯನಾ ಎಂದು. ಅಪ್ಪಾ, ಮಗನೇ ಎಂಬ ಎರಡು ಅರ್ಥವೂ ಅದರಲ್ಲಿದೆ. ಊರಿನಿಂದ ಬರುವಾಗ ತಂದ ಕುಚ್ಚಲಕ್ಕಿ ನೋಡಿ, ರೇಷನ್ ಅಕ್ಕಿ ಕೆಟ್ಟಿದೆ ಎಂದುಕೊಂಡು ಹಸುವಿಗೆ ಹಾಕಲು ಕೇಳಿದವಳು ಅವಳು. ಅವಳ ಮುದ್ದೆಯನ್ನು ನಾನು ಹಲ್ಲಿನಲ್ಲಿ ಅಗಿದದ್ದನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕವಳೂ ಅವಳೇ. ಹಾಗೆ ಲೆಕ್ಕ ಸಮವಾಯಿತು.

ನಮ್ಮಲ್ಲಿ ಮಳೆ ನೆಂಟನಲ್ಲ, ಮನೆಯವನು. ಬಂದರೆ ನಾಲ್ಕು ತಿಂಗಳು ಕೂತೇ ಬಿಡುತ್ತಾನೆ. ಇಲ್ಲಿ ಬೇಸಗೆಯ ಕೊನೆಗೆ ಮಧ್ಯಾಹ್ನದ ಮೇಲೆ ಒಂದು ಗಂಟೆ ಬರುತ್ತದೆ, ಬಂದರೆ ಸಿಡಿಲು, ಆಲಿಕಲ್ಲು ಎಲ್ಲ ಜೊತೆಗೆ. ಹೂಜಿಯಂತೆ ಬೋಳಾದ ಬಂಡೆ, ಆ ಒಂದು ಹುಣಸೆಮರ ಬಿಟ್ಟರೆ ಅದರ ಮೇಲೆ ನಿಂತ ಮನುಷ್ಯನೇ ಎತ್ತರ. ಸಿಡಿಲಿಗೆ ಬೇರೆ ಗುರಿ ಬೇಕೆ? ಗುಡುಗಿದಾಗ ಮುನಿಯಮ್ಮ ಅರ್ಜುನಾ ಫಲ್ಗುಣಾ ಎನ್ನುತ್ತ ಹಸುಗಳ ಹಗ್ಗ ಬಿಚ್ಚಿ ಒಳಗೆ ಎಳೆಯುತ್ತಾಳೆ. ಅವಳ ಕಣ್ಣು ಮಾತ್ರ ಗುಟ್ಟದ ಮೇಲೇ ಇರುತ್ತದೆ. ಈ ಒಂದು ಭಯ ಅವಳಿಗೆ ಮದುವೆಯಾದಾಗಿನಿಂದ ಇದೆ.

ಆದ್ದರಿಂದ ಎಚ್ಚರಿಕೆಯ ಸೇವೆ ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಮುನಿಯಮ್ಮನೇ. ಸಿಡಿಲು ಬರುವ ಮೊದಲೇ ಫೋನು ಹೇಳುತ್ತದೆ ಎಂದು ಯಾರೋ ಊರಿಗೆ ಬಂದು ಹೇಳಿ ಹೋಗಿದ್ದರಂತೆ. ಅಳಿಯನ ಹಳೆಯ ಟಚ್ ಫೋನನ್ನು ಗಂಡನ ಅಂಗಿಯ ಜೇಬಿಗೆ ಅವಳೇ ಹಾಕಿ ಕಳಿಸುತ್ತಿದ್ದಳು. ಆಮೇಲೆ ಬಂತಲ್ಲ ಆ ಪರೀಕ್ಷೆಯ ಊಳು, ಅದು ಗುಟ್ಟದ ಮೇಲಿದ್ದ ಜೇಬಿನಲ್ಲೂ ಮೊಳಗಿತು. ಕುರಿಗಳು ಬೆದರಿ ದಿಕ್ಕಿಗೊಂದಾಗಿ ಓಡಿದವು. ಚಿನ್ನಪ್ಪ ಸಂಜೆಯವರೆಗೂ ಬಂಡೆಗಳ ಸಂದಿಯಲ್ಲಿ ಕುರಿ ಹುಡುಕಿದ. ಇನ್ನೊಂದು ಸಲ ಪರೀಕ್ಷೆ, ಮತ್ತೆ ಅದೇ ಪಾಡು. ಅಂದಿನಿಂದ ಅವನು ಫೋನನ್ನು ಮನೆಯಲ್ಲೇ ಚಾರ್ಜಿಗೆ ಹಾಕಿ ಹೋಗತೊಡಗಿದ. ಸಿಡಿಲಿಗೆ ಸಾಯುವುದು ಯಾವತ್ತೋ ಒಂದು ದಿನ, ಇದರ ಕಾಟ ದಿನಾ ಯಾರಿಗೆ ಬೇಕು ಎಂಬುದು ಅವನ ವಾದ.

ಪರೀಕ್ಷೆ ಮುಗಿಸಿ ನಿಜವಾದ ಎಚ್ಚರಿಕೆಗಳು ಬರತೊಡಗಿದ ಮೇಲೆ ಇನ್ನೊಂದು ಚಂದ ಶುರುವಾಯಿತು. ನಾವಿರುವುದು ಗಡಿಯ ಅಂಚು. ಒಮ್ಮೊಮ್ಮೆ ನಮ್ಮ ಫೋನು ಆಂಧ್ರದ ಟವರನ್ನು ಹಿಡಿದುಬಿಡುತ್ತದೆ. ಹಾಗಾಗಿ ಬರುವ ಎಚ್ಚರಿಕೆ ಆಚೆಯ ಮಂಡಲಗಳದ್ದು, ಎಂದರೆ ಅಲ್ಲಿನ ತಾಲ್ಲೂಕುಗಳದ್ದು, ತೆಲುಗಿನಲ್ಲಿ. ನನಗೆ ತೆಲುಗು ಬರುವುದಿಲ್ಲ, ಆದರೆ ಲಿಪಿ ನಮ್ಮದರ ತಂಗಿ. ತಲೆಕಟ್ಟು ಬೇರೆ, ಮೈ ಒಂದೇ. ಕೂಡಿಸಿ ಕೂಡಿಸಿ ಓದಬಲ್ಲೆ. ಮುನಿಯಮ್ಮನಿಗೆ ತೆಲುಗು ಉಸಿರಿನಷ್ಟು ಸಲೀಸು, ಅಕ್ಷರ ಮಾತ್ರ ಯಾವ ಭಾಷೆಯದೂ ಬಾರದು. ಹೀಗೆ ನಮ್ಮ ಜೋಡಿ ಕೂಡಿತು. ಫೋನು ಕೂಗಿದೊಡನೆ ಅವಳು ಕೈ ಒರೆಸಿಕೊಂಡು ಅಡುಗೆಮನೆಯ ಬಾಗಿಲಿಗೆ ಬರುತ್ತಾಳೆ. ನಾನು ಅರ್ಥವಾಗದೆ ಓದುತ್ತೇನೆ, ಅವಳು ನೋಡದೆ ಅರ್ಥ ಹೇಳುತ್ತಾಳೆ. ಪಿಡುಗುಲು ಎಂದು ಓದಿದಾಗ ಸಿಡಿಲು ಎಂದು ಹೇಳಿಕೊಟ್ಟಳು. ನಮ್ಮ ಕನ್ನಡದಲ್ಲಿ ಪಿಡುಗು ಎಂದರೆ ಈ ಸೇವೆಯೇ ಎಂದು ನಾನು ಹೇಳಿದೆ.

ಸಾಲದ್ದಕ್ಕೆ ನನ್ನ ನಂಬರು ಊರಿನದು. ಅದನ್ನು ಕೊಂಡ ಕಾಲಕ್ಕೆ ಕೊಟ್ಟ ವಿಳಾಸವೋ ಏನೋ, ಕರಾವಳಿಯ ಎಚ್ಚರಿಕೆಯೂ ನನ್ನನ್ನು ಬಿಡದೆ ಹಿಂಬಾಲಿಸಿ ಬಂದಿದೆ. ಅಲೆಗಳ ಅಬ್ಬರವಿದೆ, ಮೀನುಗಾರರು ಕಡಲಿಗೆ ಇಳಿಯಬಾರದು. ಸುತ್ತ ಕಣ್ಣು ಹಾಯುವವರೆಗೆ ಕಲ್ಲು, ಟೊಮ್ಯಾಟೊ ತೋಟ, ಒಣಗಿದ ಕೆರೆ. ನಾನು ಕಡಲಿಗೆ ಇಳಿಯಬಾರದಂತೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಗಾದೆಯಲ್ಲಿ ಕೇಳಿದ್ದೆ, ಇಲ್ಲಿ ಫೋನಿನಲ್ಲಿ ಕಂಡೆ. ಒಂದು ಮಾತು ಒಪ್ಪಬೇಕು. ನನ್ನ ಕಸುಬಿಗೆ ಉಪಯೋಗಕ್ಕೆ ಬಂದ ಎಚ್ಚರಿಕೆ ಅದೊಂದೇ. ಕಡಲಿಗೆ ಇಳಿಯಬಾರದು ಎಂದು ಬಂದರೆ ಮರುದಿನ ಊರಿನಿಂದ ಮೀನಿನ ಐಸುಪೆಟ್ಟಿಗೆ ಬರುವುದಿಲ್ಲ, ಮೊಟ್ಟೆ ಸಾರು ಮಾಡಬೇಕು ಎಂದು ನನಗೆ ಗೊತ್ತಾಗುತ್ತದೆ. ತಮ್ಮ ಸುಧಾಕರ ಬೋಟಿಗೆ ಹೋಗುವವನು. ಆದರೂ ಆ ಸಂದೇಶ ಓದಿದಾಗ ನನಗೆ ನೆನಪಾಗುತ್ತಿದ್ದದ್ದು ಮೊಟ್ಟೆ.

ನಮ್ಮ ಚಿಕ್ಕಂದಿನಲ್ಲಿ ಬಂದರಿನ ಕಂಬಕ್ಕೆ ಬಿರುಗಾಳಿಯ ಕಪ್ಪು ಗುರುತು ಏರಿಸುತ್ತಿದ್ದರು, ನಿಮಗೆ ನೆನಪಿರಬಹುದು. ಏರಿದರೆ ಬೋಟು ಕಟ್ಟು, ಇಳಿದರೆ ಬಿಚ್ಚು. ಪಕ್ಕದ ಜಿಲ್ಲೆಯ ಗುರುತು ನಮ್ಮ ಕಂಬಕ್ಕೆ ಏರಿದ್ದನ್ನು ಯಾರೂ ಕಂಡಿಲ್ಲ. ಅದನ್ನೇ ಒಮ್ಮೆ ಮುನಿಯಮ್ಮನಿಗೆ ಹೇಳಿದೆ. ಅವಳು, ನಮ್ಮದೂ ಹಂಗೇ ಐತೆ ಎಂದು ಮಾಳಿಗೆಯ ಕಡೆ ತೋರಿಸಿದಳು. ಮನೆಗೆ ನೆಂಟರು ಬಂದಾಗ ಅವಳು ಗಂಡನ ಕರಿಕಂಬಳಿಯನ್ನು ಮಾಳಿಗೆಯ ತಂತಿಯ ಮೇಲೆ ಹರವುತ್ತಾಳೆ. ಗುಟ್ಟದ ಮೇಲಿಂದ ಅದನ್ನು ಕಂಡ ಚಿನ್ನಪ್ಪ, ಹುಣಸೆಮರದ ನೆರಳಲ್ಲಿ ಮಲಗಿದ ಕುರಿಗಳನ್ನು ಅಲ್ಲೇ ಬಿಟ್ಟು ಊಟಕ್ಕೆ ಇಳಿದು ಬರುತ್ತಾನೆ. ಅವರ ಸೇವೆ ಅಷ್ಟೇ, ಸಂಸಾರದಷ್ಟೇ ಹಳೆಯದು.

ಯಾವ ಯಾವುದೋ ಊರಿನ ಎಚ್ಚರಿಕೆ ಬರುವ ತಪ್ಪು ಸರಿಪಡಿಸೋಣವೆಂದು ಆ ಸೇವೆಯ ಸಹಾಯವಾಣಿಗೆ ಫೋನು ಮಾಡಿದೆ. ಸಹಾಯವಾಣಿ! ಒಂದು ಒತ್ತಿ, ಎರಡು ಒತ್ತಿ, ಮತ್ತೆ ಒಂದು ಒತ್ತಿ, ಸಂಗೀತ ಕೇಳಿ. ಕೊನೆಗೆ ಒಬ್ಬ ಹುಡುಗಿ ಸಿಕ್ಕಳು. ಪಾಪ, ದನಿ ಒಳ್ಳೆಯದು. ನನ್ನ ಗೋಳೆಲ್ಲ ಕೇಳಿ ಹೇಳಿದಳು, "ಒಂದೇ ಊರು ಆರಿಸಿಕೊಳ್ಳಬೇಕು ಸರ್. ಯಾವುದು ಇಡಲಿ, ಕುಂದಾಪುರವೋ ಮುಳಬಾಗಿಲೋ?"  ಯೋಚಿಸಿ ಹೇಳುತ್ತೇನೆ ಎಂದು ಫೋನು ಇಟ್ಟೆ. ಇದು ನನ್ನೊಬ್ಬನ ಪಾಡೂ ಅಲ್ಲ. ಆಲಿಕಲ್ಲು ಬಿದ್ದು ಮಾವು ಉದುರಿದ ಮೇಲೆ ಎಚ್ಚರಿಕೆ ಬಂತೆಂದು ಮಂಡಿಯವರು ಬೈಯುತ್ತಾರೆ. ಹಸಿ ಇಟ್ಟಿಗೆ ಕರಗಿ ಮಣ್ಣಾದ ಮೇಲೆ ಬಂತೆಂದು ಇಟ್ಟಿಗೆಯವರು. ಕೋಲಾರದಲ್ಲಿ ಮಳೆಯಾದರೆ ಎಚ್ಚರಿಕೆ ನಮಗೂ, ನಮ್ಮಲ್ಲಾದರೆ ಇನ್ಯಾರಿಗೋ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸಕ್ಕೆ ಇಷ್ಟು ದೊಡ್ಡ ಸೈರನ್ನು ಯಾಕೆ ಬೇಕೋ.

ಈ ಸಲದ ಬೇಸಗೆಯ ಒಂದು ಮಧ್ಯಾಹ್ನ ಊಟದ ಗದ್ದಲ ಮುಗಿದಿತ್ತು. ಫೋನು ಕೂಗಿತು. ತೆಲುಗು. ಮುನಿಯಮ್ಮ ಬಂದು ಬಾಗಿಲಿಗೆ ಒರಗಿದಳು. ಉರುಮುಲು, ಮೆರುಪುಲು, ಅಂದರೆ ಗುಡುಗು ಮಿಂಚು, ಎಂದು ಓದುತ್ತ ಮಂಡಲಗಳ ಹೆಸರಿಗೆ ಬಂದೆ. ಒಂದು ಹೆಸರಿಗೆ ಅವಳು ತಡೆದಳು. ಅದು ಅವಳ ತವರು. ತೆಲುಗಿನ ಎಚ್ಚರಿಕೆ ಬಂದರೆ ಆಚೆಯದು ಎಂದು ಕೈ ಕೊಡವಿ ಹೋಗುವುದು ಆ ಹೊತ್ತಿಗೆ ನಮಗೆಲ್ಲ ಅಭ್ಯಾಸವಾಗಿತ್ತು. ಈ ಸೇವೆ ಕಲಿಸಿದ ವಿದ್ಯೆಯೇ ಅದು. ಮುನಿಯಮ್ಮ ಮಾತ್ರ ಹೋಗಲಿಲ್ಲ. ಅಲ್ಲಿರುವ ತನ್ನ ತಮ್ಮನಿಗೆ ಫೋನು ಹಚ್ಚಿಕೊಡು ಎಂದಳು. ದನ ಒಳಗೆ ಕಟ್ಟಿದ್ದಾನೋ ಇಲ್ಲವೋ ಕೇಳಬೇಕಂತೆ.

ಅವಳ ತಮ್ಮ ಕೂಗಿ ಮಾತಾಡುತ್ತಿದ್ದ. ತಗಡಿನ ಮೇಲೆ ಕಲ್ಲು ಸುರಿದ ಸದ್ದು ನನಗೂ ಕೇಳುತ್ತಿತ್ತು. ಅವಳು ತೆಲುಗಿನಲ್ಲಿ ಎರಡು ಮಾತಾಡಿ ಫೋನು ನನ್ನ ಕೈಗಿಟ್ಟಳು. ಅಲ್ಲಿ ಆಲಿಕಲ್ಲು ಬೀಳುತ್ತಿದೆ, ಮೋಡ ನಿಮ್ಮ ಕಡೆಗೇ ತಿರುಗಿದೆ ಎಂದನಂತೆ.

"ನಮ್ಮೂರ್ಗೆ ಏನೂ ಬಂದಿಲ್ವಾ ನಾಯನಾ?" ಎಂದು ಕೇಳಿದಳು.

ನೋಡಿದೆ. ಹಸಿರು ಬಣ್ಣದಲ್ಲಿ, ನಿಮ್ಮ ಪ್ರದೇಶದಲ್ಲಿ ಯಾವುದೇ ಎಚ್ಚರಿಕೆ ಇಲ್ಲ ಎಂದಿತ್ತು. ಮೂಡಣದಲ್ಲಿ ಆಕಾಶ ಸ್ಲೇಟಿನ ಬಣ್ಣಕ್ಕೆ ತಿರುಗಿತ್ತು. ಮೋಡಕ್ಕೆ ಗಡಿ ಗೊತ್ತಿಲ್ಲ, ಫೋನಿಗೆ ಗೊತ್ತು. ಚಿನ್ನಪ್ಪನಿಗೆ ಹೇಳೋಣವೆಂದರೆ ಅವನ ಫೋನು ಮನೆಯ ಗೂಡಿನಲ್ಲಿ ಚಾರ್ಜಿಗಿತ್ತು. ನಾನು ಗುಟ್ಟದ ಕಡೆ ಓಡಲು ಹೊರಟೆ. ಹತ್ತುವಷ್ಟರಲ್ಲಿ ನೀನೇ ಸಿಕ್ಕಿಹಾಕಿಕೊಳ್ಳುತ್ತೀ ಎಂದು ಮುನಿಯಮ್ಮ ತಡೆದಳು. ಆ ವಯಸ್ಸಿನಲ್ಲಿ ಅವಳು ಮಾಳಿಗೆಯ ಮೆಟ್ಟಿಲು ಹತ್ತಿದ ವೇಗ ನಾನು ಮರೆಯುವುದಿಲ್ಲ. ನಾನು ಹಿಂದೆ ಹೋಗುವಷ್ಟರಲ್ಲಿ ಕಂಬಳಿ ತಂತಿಯ ಮೇಲಿತ್ತು, ಅವಳು ಅದರ ಎರಡು ತುದಿ ಹಿಡಿದು ನಿಂತಿದ್ದಳು. ಗಾಳಿ ಎದ್ದಿತ್ತು.

ಗುಟ್ಟದ ಮೇಲೆ ಒಂದು ಬಿಳಿ ಚುಕ್ಕೆ ಎದ್ದು ನಿಂತಿತು. ಇಳಿಯತೊಡಗಿತು. ನನಗೆ ಜೀವ ಬಂತು. ಆದರೆ ಆ ಚುಕ್ಕೆ ನೇರ ದಾರಿ ಬಿಟ್ಟು ಎಡಕ್ಕೆ ತಿರುಗಿ ಬಂಡೆಯ ಮರೆಗೆ ಹೋಯಿತು. ಎಲ್ಲಿಗೆ ಹೋಗುತ್ತಿದ್ದಾನೆ ಎಂದು ಕೇಳಿದೆ. ಮುನಿಯಮ್ಮ ಹಲ್ಲು ಕಚ್ಚಿ ತೆಲುಗಿನಲ್ಲಿ ಏನೋ ಬೈದಳು. ಹಸುವಿಗೆ ಬೈಯುವ ಮಾತೇ ಅದು.

ಅವನು ಬಂದ. ಒದ್ದೆ ತಲೆ ಬಾಚಿಕೊಂಡಿದ್ದ. ಹೆಗಲ ಮೇಲಿರುತ್ತಿದ್ದ ಅಂಗಿ ಮೈಮೇಲಿತ್ತು, ಗುಂಡಿಗಳೆಲ್ಲ ಹಾಕಿದ್ದವು. ಕಂಬಳಿ ಕಂಡಿದೆ, ಅಂದರೆ ನೆಂಟರು ಬಂದಿದ್ದಾರೆ. ನೆಂಟರ ಮುಂದೆ ಕುರಿಯ ವಾಸನೆಯಲ್ಲಿ ಹೋಗುವುದು ಹೇಗೆ ಎಂದು ಕೆರೆಯಲ್ಲಿ ನೀರು ಉಳಿದ ಹೊಂಡಕ್ಕೆ ಹೋಗಿ ಕೈಕಾಲು ಮುಖ ತೊಳೆದು ಬಂದಿದ್ದ. ಅಂಗಳದಲ್ಲಿ ನಿಂತು ಸುತ್ತ ನೋಡಿ, "ಯಾರ್ ಬಂದವ್ರೆ?" ಎಂದ.

"ಯಾರೂ ಬಂದಿಲ್ಲ. ಒಳಕ್ ಬಾ."

ನೆಂಟರ ಗುಂಗಿನಲ್ಲಿ ಗಮನಿಸದಿದ್ದ ಮೋಡ ಚಿನ್ನಪ್ಪನಿಗೆ ಆಗ ಕಂಡಿತು. ಕುರಿ ಎಂದು ತಿರುಗಿದ. ಮುನಿಯಮ್ಮ ಅವನ ಅಂಗಿಯನ್ನು ಹಿಂದಿನಿಂದ ಎರಡು ಕೈಯಲ್ಲಿ ಹಿಡಿದಳು. ಗುಂಡಿಯೊಂದು ಕಿತ್ತು ನನ್ನ ಕಾಲ ಬಳಿ ಬಿತ್ತು. ಅವನು ಎಳೆದ, ಅವಳು ಬಿಡಲಿಲ್ಲ. ಅಷ್ಟರಲ್ಲಿ ಗುಟ್ಟವೆಲ್ಲ ಬೆಳ್ಳಗಾಯಿತು, ಸದ್ದು ಎದೆಗೆ ಬಡಿಯಿತು. ಕಣ್ಣು ಬಿಟ್ಟಾಗ ಹುಣಸೆಮರದ ಒಂದು ಕವಲು ನೆಲಕ್ಕೆ ಜೋತಿತ್ತು. ಆಮೇಲೆ ಕಲ್ಲು ಸುರಿಯಿತು, ಮಳೆ ಸುರಿಯಿತು. ಮೂವರೂ ಹೋಟೆಲಿನ ಒಲೆಯ ಪಕ್ಕ ಕೂತಿದ್ದೆವು. 

ಮಳೆ ನಿಂತ ಮೇಲೆ ಗುಟ್ಟ ಹತ್ತಿದೆವು. ಇಳಿಬಿಸಿಲು ಬಂದಿತ್ತು, ಬಂಡೆಗಳು ತೊಳೆದಿಟ್ಟಂತೆ ಹೊಳೆಯುತ್ತಿದ್ದವು. ಮರದ ಬುಡದಲ್ಲಿ ಕುರಿಗಳು ಒಂದರ ಮೈಮೇಲೊಂದು ಬಿದ್ದಿದ್ದವು. ಮಂದೆಯಲ್ಲಿ ಅರ್ಧ ಹೋಗಿತ್ತು. ಉಳಿದವು ದೂರದಲ್ಲಿ ನಿಂತು ನಡುಗುತ್ತಿದ್ದವು. ಚಿನ್ನಪ್ಪ ಕುಕ್ಕರಗಾಲಿನಲ್ಲಿ ಕೂತು ಒಂದೊಂದರ ಕಿವಿಯನ್ನೂ ಮುಟ್ಟಿ ನೋಡುತ್ತಿದ್ದ. ಆಗ, ಸರಿಯಾಗಿ ಆಗ, ನನ್ನ ಜೇಬಿನಲ್ಲಿ ಆ ಊಳು ಎದ್ದಿತು. ಬದುಕಿದ್ದ ಕುರಿಗಳು ಮತ್ತೆ ಓಡಿದವು.

ಈ ಸಲ ಕನ್ನಡ. ಮುಳಬಾಗಿಲು ತಾಲ್ಲೂಕಿನಲ್ಲಿ ಗುಡುಗು ಸಿಡಿಲು ಸಹಿತ ಮಳೆಯಾಗುವ ಸಾಧ್ಯತೆ ಇದೆ, ಮರದ ಕೆಳಗೆ ನಿಲ್ಲಬೇಡಿ, ಸುರಕ್ಷಿತ ಸ್ಥಳಕ್ಕೆ ತೆರಳಿ. ನಾನು ಸುಟ್ಟ ಮರದ ಕೆಳಗೆ ನಿಂತು ಅದನ್ನು ಓದಿದೆ. ನನಗೆ ಹೇಸಿಗೆಯಾಯಿತು. ಸತ್ತ ಕುರಿಯ ವಾಸನೆಗಲ್ಲ, ಮೀನು ಕೊಯ್ದು ಬೆಳೆದವನಿಗೆ ಅದು ಏನೂ ಅಲ್ಲ. ಆ ಅಚ್ಚುಕಟ್ಟಾದ ವಾಕ್ಯಗಳಿಗೆ, ಕೊನೆಯಲ್ಲಿದ್ದ ಜನಹಿತಕ್ಕಾಗಿ ಎಂಬ ಮಾತಿಗೆ.

"ಏನಂತೆ ಅದು?" ಚಿನ್ನಪ್ಪ ತಲೆ ಎತ್ತದೆ ಕೇಳಿದ.

"ಪರೀಕ್ಷೆಯಂತೆ ಚಿನ್ನಪ್ಪಣ್ಣ" ಎಂದೆ.

ನಷ್ಟ ನೋಡಲು ತಾಲ್ಲೂಕು ಕಚೇರಿಯಿಂದ ಒಬ್ಬರು ಬಂದರು. ನನ್ನ ಹೋಟೆಲಿನಲ್ಲೇ ಕೂತು ಕಾಫಿ ಕುಡಿದರು. ಇಡೀ ತಾಲ್ಲೂಕಿಗೆ ಎಚ್ಚರಿಕೆ ಹೋಗಿದೆಯಲ್ಲ ಎಂದು ತಮ್ಮ ಫೋನು ತೋರಿಸಿದರು. ಹೋದದ್ದು ನಿಜ, ಬಂದದ್ದು ಯಾವಾಗ ಎಂದು ಕೇಳಿದೆ. ಅದು ಟವರಿನವರ ವಿಷಯ, ನಮ್ಮ ಕಡೆಯಿಂದ ಕಳಿಸಿಯಾಗಿದೆ ಎಂದರು. ಎಚ್ಚರಿಕೆ ಕೊಟ್ಟ ಮೇಲೂ ಕುರಿಗಳನ್ನು ಮರದ ಕೆಳಗೆ ಬಿಟ್ಟದ್ದು ಯಾಕೆ ಎಂದು ಚಿನ್ನಪ್ಪನನ್ನೇ ಕೇಳಿದರು. ನೆಂಟರು ಬಂದಿದ್ದಾರೆ ಅಂತ ಬಂದೆ ಸಾಮಿ ಎಂದು ಅವನು ಇದ್ದದ್ದನ್ನು ಇದ್ದಂತೆ ಹೇಳಿದ. ಅವರು ನಕ್ಕರು. ಆ ನಗು ನೋಡಿ ನನಗೆ ಮೈಯೆಲ್ಲ ಉರಿಯಿತು. ನೆಂಟರು ಬಂದರೆಂದು ಇಳಿದದ್ದರಿಂದಲೇ ಮನುಷ್ಯ ಉಳಿದದ್ದು ಎಂದು ಹೇಳಬೇಕೆಂದಿದ್ದೆ. ಇಂಥವರಿಗೆ ಹೇಳಿ ಏನು, ಥೂ ಎಂದುಕೊಂಡು ಲೋಟ ಎತ್ತಿದೆ.

ಚಿನ್ನಪ್ಪ ಉಳಿದ ಕುರಿಗಳನ್ನು ಹೊಡೆದುಕೊಂಡು ಈಗಲೂ ಅದೇ ಗುಟ್ಟಕ್ಕೆ ಹೋಗುತ್ತಾನೆ. ಬೇರೆ ಹುಲ್ಲು ಎಲ್ಲಿದೆ? ಗಂಡ ಹೆಂಡತಿ ಕೂತು ಒಂದು ತಿದ್ದುಪಡಿ ಮಾಡಿಕೊಂಡಿದ್ದಾರೆ. ಕರಿಕಂಬಳಿ ಒಂದೇ ಇದ್ದರೆ ನೆಂಟರು. ಅದರ ಪಕ್ಕ ಅವಳ ಕೆಂಪು ಸೀರೆಯೂ ಇದ್ದರೆ ಕುರಿ ಸಮೇತ ಇಳಿದು ಬರಬೇಕು, ಮುಖ ತೊಳೆಯುವ ಹಾಗಿಲ್ಲ.

ಮೊನ್ನೆ ಮತ್ತೆ ಫೋನು ಕೂಗಿತು. ಮುನಿಯಮ್ಮ ಕೈ ಒರೆಸಿಕೊಂಡು ಬಂದಳು. "ಯಾವೂರ್ದು?"

ನಮ್ಮೂರದು, ಕಡಲಿಗೆ ಇಳಿಯಬಾರದಂತೆ ಎಂದು ಹೇಳಿ ಫೋನು ಒಳಗಿಟ್ಟೆ. ಮೊಟ್ಟೆ ತರಿಸಬೇಕು ಎಂದು ಅಡುಗೆಯವನಿಗೆ ಕೂಗಿದೆ. ಅವಳು ಬಾಗಿಲು ಬಿಟ್ಟು ಹೋಗಲಿಲ್ಲ.

"ನಿನ್ ತಮ್ಮ ಕಡಲಿಗೆ ಹೋಗೋನಲ್ವಾ? ಫೋನ್ ಮಾಡು ನಾಯನಾ."

ನಾನು ಮಾಡಿದೆ. ರಿಂಗು ಹೋಗುತ್ತಲೇ ಇತ್ತು. ಎಷ್ಟು ಹೊತ್ತಾದರೂ ಎತ್ತಲಿಲ್ಲ. ಮತ್ತೊಮ್ಮೆ ಹಚ್ಚಿದೆ. ಎಷ್ಟು ಸಲ ಈ ಸಂದೇಶ ಬಂದಿದೆ, ಎಷ್ಟು ಸಲ ಮೊಟ್ಟೆ ಬೇಯಿಸಿದ್ದೇನೆ ಎಂದು ಆಗ ಹೊಳೆಯಿತು. ಎರಡನೆಯ ಸಲಕ್ಕೆ ಎತ್ತಿದ.

"ಎಂತ ಅಣ್ಣ, ಮೀನ್ ಬೇಕಿತ್ತಾ?"

ಬೇಡ ಮಾರಾಯ, ನೀನು ಎಲ್ಲಿದ್ದೀ ಎಂದು ಕೇಳಿದೆ. ದಡದಲ್ಲೇ ಬಲೆ ಸರಿಮಾಡುತ್ತಿದ್ದೇನೆ ಎಂದ. ಆಮೇಲೆ, ಇದನ್ನು ಕೇಳಲಿಕ್ಕೆ ಫೋನು ಮಾಡಿದ್ದಾ ಎಂದ. ಅವನ ಹಿಂದೆ ಅಲೆಯ ಸದ್ದಿತ್ತು. ಅದು ಅಬ್ಬರದ್ದೋ ದಿನದ್ದೋ ಎಂದು ಕಿವಿ ಕೊಟ್ಟು ಕೇಳಿದೆ, ಗೊತ್ತಾಗಲಿಲ್ಲ. ಒಂದು ಕಾಲಕ್ಕೆ ನಿದ್ದೆಯಲ್ಲೂ ಗೊತ್ತಾಗುತ್ತಿತ್ತು. ಫೋನು ಇಟ್ಟೆ.

"ಎತ್ತಿದ್ನಾ?" ಎಂದಳು ಮುನಿಯಮ್ಮ. ಹೌದೆಂದ ಮೇಲೆಯೇ ಅಲ್ಲಿಂದ ಕದಲಿದ್ದು.

ಸಂಜೆ ಮಾಳಿಗೆಯ ಮೇಲೆ ಇಬ್ಬರೂ ನಿಂತಿದ್ದೆವು. ಅವಳು ಮೂಡಣದ ಮೋಡ ನೋಡುತ್ತಿದ್ದಳು. ನಾನು ಪಡುವಣಕ್ಕೆ ತಿರುಗಿದ್ದೆ, ಗುಟ್ಟದಿಂದ ಬಿಳಿ ಚುಕ್ಕೆ ಇಳಿಯುತ್ತಿದೆಯೇ ಎಂದು. ಅದೇ ನೋಟವನ್ನು ಇನ್ನೂ ಮುಂದಕ್ಕೆ ಎಳೆದರೆ ಸುಧಾಕರ ಕೂತ ದಡ. ಯಾವ ಊರು ಇಡಲಿ ಎಂದು ಕೇಳಿದ ಸಹಾಯವಾಣಿಯ ಆ ಹುಡುಗಿಗೆ ನಾನು ಇನ್ನೂ ಉತ್ತರ ಹೇಳಿಲ್ಲ.